ಪಾಯಿಂಟ್ ಟೂ ಟೂ ರೈಫಲ್ ಸಿಕ್ಕಿಕೊಳ್ಳುತ್ತಿದೆಯಾ? ಮೊದಲು ಕೈಯಲ್ಲಿರುವ ಅರ ಕೆಳಗಿಡಿ

ನಾನು ಕೆಲಸ ಮಾಡುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಟೂಲ್‌ರೂಮಿನಲ್ಲಿ. ದಿನವಿಡೀ ವರ್ನಿಯರ್, ಡಯಲ್ ಗೇಜ್, ಅರ, ಎಮರಿ ಕಾಗದ. ಒಂದು ಲೋಹದ ತುಂಡು ಇನ್ನೊಂದರೊಳಗೆ ಸರಿಯಾಗಿ ಕೂರದಿದ್ದರೆ ನನ್ನ ಕೈ ತಾನಾಗಿಯೇ ಅರದ ಕಡೆ ಹೋಗುತ್ತದೆ. ಹೊಟ್ಟೆಪಾಡಿನ ಅಭ್ಯಾಸ ಅದು. ಆದರೆ ಭಾನುವಾರ ಶೂಟಿಂಗ್ ರೇಂಜಿಗೆ ಹೋದಾಗ ಇದೇ ಅಭ್ಯಾಸ ನನಗೆ ಶತ್ರು. ಮೊದಲ ವರ್ಷವೇ ನನ್ನ .22 (ಪಾಯಿಂಟ್ ಟೂ ಟೂ, ಅಂದರೆ 0.22 ಇಂಚು ಬೋರಿನ) ರೈಫಲಿನ ಮ್ಯಾಗಜಿನ್, ಅಂದರೆ ತೋಟಾ ತುಂಬುವ ಡಬ್ಬದ, ತುಟಿಗಳನ್ನು ನೋಸ್ ಪ್ಲೈಯರಿನಲ್ಲಿ "ಸ್ವಲ್ಪ ಸರಿ ಮಾಡ್ತೀನಿ" ಅಂತ ಬಗ್ಗಿಸಿದೆ. ಹತ್ತು ಗುಂಡಿಗೆ ಒಂದು ಸಿಕ್ಕಿಕೊಳ್ಳುತ್ತಿದ್ದದ್ದು ಎರಡಕ್ಕೆ ಒಂದಾಯಿತು. ಹೊಸ ಮ್ಯಾಗಜಿನ್ ಬರುವವರೆಗೆ ತಿಂಗಳುಗಟ್ಟಲೆ ಒಂದೊಂದೇ ತೋಟಾ ಕೈಯಲ್ಲಿ ಹಾಕಿಕೊಂಡು ಹೊಡೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇದನ್ನು ಬರೆಯಲು ಕಾರಣ ರೇಂಜಿಗೆ ಬರುವ ಹುಡುಗರು. ಯೂಟ್ಯೂಬಿನಲ್ಲಿ ಅಮೆರಿಕದವರು ದೊಡ್ಡ ರೈಫಲಿನ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ತೆಗೆದು ಆ ಜಾಗಕ್ಕೆ .22 ಬೋಲ್ಟ್ ಕೂರಿಸುವ ಕನ್ವರ್ಷನ್ ಕಿಟ್ ತೋರಿಸುತ್ತಾರಲ್ಲ, ಅದನ್ನು ನೋಡಿಕೊಂಡು ಬಂದು "ಅಣ್ಣ, ಇದು ನಮಗೆ ಸಿಗಲ್ವಾ?" ಅಂತ ಕೇಳುತ್ತಾರೆ. ಸಿಗಲ್ಲ. ಆ ಕಿಟ್ ಕೂರುವಂಥ ರೈಫಲೇ ನಮ್ಮ ನಾಗರಿಕ ಲೈಸೆನ್ಸಿಗೆ ಬರುವುದಿಲ್ಲ. ಇನ್ನು ಬಂದೂಕನ್ನು ಬದಲಾಯಿಸುವುದು, ರಿಪೇರಿ ಮಾಡುವುದು ಇವಕ್ಕೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಬೇಕು. ಗೊತ್ತಿರುವ ಲೇತ್ ಶಾಪಿಗೆ ಕೊಟ್ಟು ಮಾಡಿಸಿಕೊಳ್ಳುತ್ತೇನೆ ಅನ್ನುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ, ಲೇತ್‌ನವನೂ ನೀವೂ ಒಟ್ಟಿಗೆ ಒಳಗೆ ಹೋಗುತ್ತೀರಿ.

ಆದರೆ ಆ ಕಿಟ್‌ಗಳು ಯಾಕೆ ಸಿಕ್ಕಿಕೊಳ್ಳುತ್ತವೆ ಅನ್ನುವುದು ತಿಳಿದಿದ್ದರೆ ನಮ್ಮ ರೈಫಲಿಗೂ ಉಪಯೋಗ. ಎರಡರಲ್ಲೂ ಹಾಕುವ ತೋಟಾ ಒಂದೇ ಅಲ್ವಾ. ಅಮೆರಿಕದ ಎಆರ್-15 ರೈಫಲಿನ ಕಿಟ್‌ನಲ್ಲಿ ದೊಡ್ಡ ತೋಟಾದ ಆಕಾರದ್ದೇ ಒಂದು ಲೋಹದ ಅಡಾಪ್ಟರ್ ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದೊಳಗೆ, ಕೂರುತ್ತದೆ. ಅದರೊಳಗೆ .22 ತೋಟಾ ಕೂರುವ ಸಣ್ಣ ಚೇಂಬರ್. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒತ್ತಡವೇ ಬೋಲ್ಟನ್ನು ತಳ್ಳಬೇಕು, ಸ್ಪ್ರಿಂಗ್ ಅದನ್ನು ವಾಪಸ್ ತರಬೇಕು. ತೋಟಾ ಸಪ್ಪೆಯಾದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಅಡಾಪ್ಟರಿನ ಸುತ್ತ ಮಸಿ ಕೂತರೆ ಅದು ಕೂದಲೆಳೆಯಷ್ಟು ಆಚೆ ನಿಲ್ಲುತ್ತದೆ, ಬೋಲ್ಟ್ ಮುಚ್ಚುವುದಿಲ್ಲ. ಮ್ಯಾಗಜಿನ್ ಸಡಿಲವಾಗಿ ಕೂತರೆ ತೋಟಾದ ಮೂಗು ಅಂಚಿಗೆ ತಾಗುತ್ತದೆ. ಅಲ್ಲಿಯವರು ಕಲಿತ ಪಾಠ ಇಷ್ಟೇ: 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡಿರುವ ಜೋರಾದ ತೋಟಾ ಹಾಕು, ಎಣ್ಣೆ ಕಮ್ಮಿ ಮಾಡಬೇಡ, ಮೊದಲ ಒಂದಿನ್ನೂರು ಗುಂಡು ಹೊಡೆಯುವವರೆಗೆ ಅರ ಹಿಡಿಯಬೇಡ.

ನಮ್ಮಲ್ಲಿ ಕನ್ವರ್ಷನ್ ಅನ್ನುವುದು ಹೊಸ ವಿಷಯವೇನಲ್ಲ. ಎನ್‌ಸಿಸಿಯಲ್ಲಿ ನಮ್ಮ ಹಿಂದಿನವರು ಹಿಡಿದ ಆ ಭಾರದ ನಂಬರ್ 2 ಮಾರ್ಕ್ 4 ರೈಫಲ್ ನೆನಪಿದೆಯಾ? ಮೂಲದಲ್ಲಿ ಅದು .303 ಲೀ ಎನ್‌ಫೀಲ್ಡ್. ಹಲವು ರೈಫಲ್‌ಗಳಲ್ಲಿ ಬ್ಯಾರಲ್ (ನಳಿಗೆ) ಕೊರೆದು ಒಳಗೆ .22 ಕೊಳವೆ ಕೂರಿಸಿದ್ದರು. ಬೈಕಿನ ಬ್ಲಾಕ್ ಸವೆದರೆ ಬೋರ್ ಮಾಡಿಸಿ ಸ್ಲೀವ್ ಹಾಕಿಸುತ್ತೇವಲ್ಲ, ಹೆಚ್ಚೂಕಮ್ಮಿ ಅದೇ ಐಡಿಯಾ. ಅದಕ್ಕೂ ಮೊದಲು ಬ್ರಿಟಿಷರು .303 ತೋಟಾದ ಆಕಾರದ ಒಂದು ಚಿಪ್ಪಿನೊಳಗೆ .22 ತೋಟಾ ತುರುಕಿ, ಆ ಚಿಪ್ಪನ್ನೇ ಲೋಡ್ ಮಾಡುವ ಸರ್ಕಸ್ಸನ್ನೂ ಮಾಡಿ ನೋಡಿದ್ದರು. ಕೊನೆಗೆ ಗೆದ್ದದ್ದು ಸ್ಲೀವ್ ಹಾಕಿದ ರೈಫಲ್. ಅದರಲ್ಲಿ ಮ್ಯಾಗಜಿನ್ ಡಬ್ಬ ಇತ್ತು, ಒಳಗೆ ಏನೂ ಇರಲಿಲ್ಲ. ಖಾಲಿ ಚಿಪ್ಪು ಬೀಳುವುದಕ್ಕೆ ಬುಟ್ಟಿಯ ಹಾಗೆ ಅದನ್ನು ಬಿಟ್ಟಿದ್ದರು, ಅಷ್ಟೇ. ಒಂದೊಂದೇ ತೋಟಾ ಕೈಯಲ್ಲಿ ಹಾಕಬೇಕು. ಆ ರೈಫಲ್ ಸಿಕ್ಕಿಕೊಂಡದ್ದನ್ನು ನೋಡಿದವರು ಕಮ್ಮಿ. ಯಾಕೆ ಅಂದರೆ ಸಿಕ್ಕಿಕೊಳ್ಳುವುದಕ್ಕೆ ಅಲ್ಲಿ ಮ್ಯಾಗಜಿನ್ನೇ ಕೆಲಸ ಮಾಡುತ್ತಿರಲಿಲ್ಲ!

ಇನ್ನು ಕೆಲಸಕ್ಕೆ ಬರೋಣ. ಇದು ಲೈಸೆನ್ಸ್ ಇರುವ, ರೇಂಜಿನಲ್ಲಿ ಗುರಿ ಅಭ್ಯಾಸ ಮಾಡುವ, ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಿಂದಲೇ ಬೋಲ್ಟ್ ಎಳೆದು ತಳ್ಳುವ) .22 ರೈಫಲ್ ಇಟ್ಟುಕೊಂಡವರಿಗೆ. ಪ್ರತಿ ಸಲ ಮುಟ್ಟುವ ಮೊದಲು ಮ್ಯಾಗಜಿನ್ ಹೊರಗೆ, ಬೋಲ್ಟ್ ಹಿಂದೆ, ಚೇಂಬರಿನೊಳಗೆ ಕಣ್ಣು ಹಾಕಿ ನೋಡಿ, ಕಿರುಬೆರಳ ತುದಿಯಿಂದಲೂ ಮುಟ್ಟಿ ನೋಡಿ. ತೋಟಾ ಡಬ್ಬ ಬೇರೆ ಕೋಣೆಯಲ್ಲಿರಲಿ. ಖಾಲಿ ಅಂತ ಗೊತ್ತಿದ್ದರೂ ನೋಡಿ.

ತಪ್ಪು ಮೊದಲು ತೋಟಾದ್ದು

ರೈಫಲ್ ಸಿಕ್ಕಿಕೊಂಡರೆ ಎಲ್ಲರೂ ರೈಫಲನ್ನೇ ಬೈಯುತ್ತಾರೆ. ನಾನು ಮೊದಲು ತೋಟಾ ಡಬ್ಬ ನೋಡುತ್ತೇನೆ.

.22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ, ಅವತ್ತಿನಿಂದ ಇವತ್ತಿನವರೆಗೆ ಅದರ ಕಟ್ಟುಪಾಡು ಹೆಚ್ಚು ಬದಲಾಗಿಲ್ಲ. ದೊಡ್ಡ ತೋಟಾಗಳಿಗೆ ತಳದ ಮಧ್ಯದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಇರುತ್ತದೆ. ಇದಕ್ಕೆ ಹಾಗಲ್ಲ. ತಳದ ಅಂಚನ್ನು ಮಡಿಚಿದ ಟೊಳ್ಳಿನೊಳಗೇ ಕಿಡಿ ಹೊತ್ತಿಸುವ ಮಸಾಲೆ ತುಂಬಿರುತ್ತದೆ. ಫೈರಿಂಗ್ ಪಿನ್ ಅಂಚನ್ನು ಜಜ್ಜಿದರೆ ಅದು ಹೊತ್ತಿಕೊಳ್ಳುತ್ತದೆ. ಮಸಾಲೆ ಸುತ್ತಲೂ ಸಮನಾಗಿ ಹರಡಿರಬೇಕು. ಅಗ್ಗದ ತೋಟಾದಲ್ಲಿ ಎಲ್ಲೋ ಒಂದು ಕಡೆ ಖಾಲಿ ಉಳಿದಿರುತ್ತದೆ, ಪಿನ್ ಸರಿಯಾಗಿ ಅಲ್ಲೇ ಬಿದ್ದರೆ ಟಿಕ್ ಅಂತ ಶಬ್ದ, ಅಷ್ಟೇ. ಇನ್ನೊಂದು, ಗುಂಡು ಬರೀ ಸೀಸ, ಮೇಲೆ ಮೇಣದ ಲೇಪ. ಉಗುರಲ್ಲಿ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಈ ಮೇಣಕ್ಕೆ ಧೂಳು ಅಂಟುತ್ತದೆ, ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಡಬ್ಬ ಇಟ್ಟರೆ ಮೆತ್ತಗಾಗಿ ಜಾರುತ್ತದೆ. ನೆಲಕ್ಕೆ ಬಿದ್ದ ತೋಟಾವನ್ನು ಪ್ಯಾಂಟಿಗೆ ಒರೆಸಿ ಹಾಕುವ ಅಭ್ಯಾಸ ನಿಮಗಿದ್ದರೆ ಬಿಡಿ. ಮರಳಿನ ಒಂದು ಕಣ ಸಾಕು, ಚೇಂಬರಿನಲ್ಲಿ ಗೀರು ಬೀಳಲು.

ಟಿಕ್ ಅಂತು, ಗುಂಡು ಹಾರಲಿಲ್ಲ ಅಂದರೆ ಬೋಲ್ಟ್ ಎಳೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಮೂವತ್ತು ಸೆಕೆಂಡು ಕಾಯಿರಿ. ತಡವಾಗಿ ಹೊತ್ತಿಕೊಳ್ಳುವುದು ಅಪರೂಪ, ಆದರೆ ಆ ಅಪರೂಪ ನಿಮ್ಮ ಮುಖದ ಮುಂದೆ ಆಗುವುದು ಬೇಡ. ಆಮೇಲೆ ತೆಗೆದು ತಳ ನೋಡಿ. ಅಂಚಿನ ಮೇಲೆ ಪಿನ್ನಿನ ಗುರುತು ಆಳವಾಗಿ, ಸ್ಪಷ್ಟವಾಗಿ ಇದೆಯಾ? ಹಾಗಿದ್ದರೆ ತಪ್ಪು ತೋಟಾದ್ದು. ಅದನ್ನೇ ಅರ್ಧ ಸುತ್ತು ತಿರುಗಿಸಿ ಹಾಕಿ ಹೊಡೆದರೆ ಬಹುಪಾಲು ಹಾರುತ್ತದೆ, ಮಸಾಲೆ ಇರುವ ಕಡೆ ಪಿನ್ ಬಿತ್ತು ಅಂತ ಲೆಕ್ಕ. ಗುರುತು ಸೊಳ್ಳೆ ಕಚ್ಚಿದ ಹಾಗೆ ಮೇಲೆ ಮೇಲೆ ಇದ್ದರೆ ತಪ್ಪು ರೈಫಲಿನದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಗುಂಡು ಹಾರಿದ ಶಬ್ದ ಎಂದಿನ ಹಾಗಿಲ್ಲ, ಪುಸ್ ಅಂತು, ಆಗಂತೂ ಮುಂದಿನ ತೋಟಾ ಹಾಕಲೇಬೇಡಿ. ಗುಂಡು ನಳಿಗೆಯಲ್ಲೇ ನಿಂತಿರಬಹುದು. ಬೋಲ್ಟ್ ತೆಗೆದು, ನಳಿಗೆಯಲ್ಲಿ ಬೆಳಕು ಕಾಣುತ್ತದಾ ನೋಡಿ.

ಪ್ರತಿ .22 ನಳಿಗೆಗೂ ಅದರದ್ದೇ ರುಚಿ. ಇದು ಸುಮ್ನೆ ಹೇಳುವ ಮಾತಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್, ಒಂದಕ್ಕೆ ಎಲೇ ಬ್ರ್ಯಾಂಡಿನ ತೋಟಾ ಹಿಡಿಸುತ್ತದೆ, ಇನ್ನೊಂದಕ್ಕೆ ಎಸ್‌ಕೆ ಬ್ರ್ಯಾಂಡಿನದ್ದು ಹಿಡಿಸುತ್ತದೆ. ಡಬ್ಬದ ಮೇಲೆ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ನಂಬರ್, ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ತೋಟಾ ಲಾಟ್ ಬದಲಾದರೆ ಬೇರೆ ತೋಟಾ ಇದ್ದ ಹಾಗೆ. ಪರೀಕ್ಷೆ ಮಾಡುವುದಾದರೆ 50 ಮೀಟರಿಗೆ, ರೈಫಲನ್ನು ಚೀಲದ ಮೇಲೆ ಒರಗಿಸಿ, ಪ್ರತಿ ಲಾಟಿಗೂ ಹತ್ತು ಹತ್ತರಂತೆ ನಾಲ್ಕು ಗುಂಪು ಹೊಡೆಯಿರಿ. ಐದು ಗುಂಡಿನ ಒಂದೇ ಗುಂಪು ನೋಡಿ "ಆಹಾ" ಅಂದವರು ಮುಂದಿನ ವಾರ ಅಳುತ್ತಾರೆ. ಅಂದ ಹಾಗೆ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ನಮ್ಮ ಕಿರುಬೆರಳ ಉಗುರಿನಷ್ಟು. ನಮ್ಮ ಶೂಟರ್ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಇದೇ ದೂರದಲ್ಲಿ, ಇದೇ ಪುಟ್ಟ ರಿಮ್‌ಫೈರ್ (ಅಂಚಿನಲ್ಲಿ ಹೊತ್ತಿಕೊಳ್ಳುವ) ತೋಟಾದಲ್ಲಿ.

ಗುರಿ ಅಭ್ಯಾಸಕ್ಕೆ ಸ್ಟ್ಯಾಂಡರ್ಡ್ ವೇಗದ್ದೇ ಸಾಕು, ಸೆಕೆಂಡಿಗೆ 320-330 ಮೀಟರಿನ ಆಸುಪಾಸಿನದ್ದು. ಅದು ಶಬ್ದದ ವೇಗಕ್ಕಿಂತ ಕೆಳಗೇ ಇರುತ್ತದೆ. ಹೈ ವೆಲಾಸಿಟಿ ತೋಟಾ ಶಬ್ದದ ವೇಗ ದಾಟಿ ಹೊರಟು, ದಾರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯುವಾಗ ಅಲ್ಲಾಡುತ್ತದೆ. ಕಿಟ್‌ನವರಿಗೆ ಅದು ಬೇಕು, ಬೋಲ್ಟ್ ತಳ್ಳಲು. ನಮ್ಮ ಬೋಲ್ಟ್ ತಳ್ಳುವುದು ನಮ್ಮ ಕೈ ತಾನೇ.

ಟೂಲ್‌ರೂಮಿನವರ ಚಟ ಒಂದು ಹೇಳಿಬಿಡುತ್ತೇನೆ. .22ರಲ್ಲಿ ತೋಟಾ ಚೇಂಬರಿನೊಳಗೆ ಎಷ್ಟು ಆಳ ಹೋಗಬೇಕು ಅಂತ ತೀರ್ಮಾನಿಸುವುದು ತಳದ ಅಂಚಿನ ದಪ್ಪ, ಸುಮಾರು 1.1 ಮಿಲಿಮೀಟರ್. ವರ್ನಿಯರಿನಲ್ಲಿ ಅಳೆದು ಒಂದೇ ದಪ್ಪದವನ್ನು ಒಂದು ಕಡೆ ಇಟ್ಟರೆ ಗುರಿಯ ಮೇಲಿನ ತೂತುಗಳ ಗುಂಪು ಚಿಕ್ಕದಾಗುತ್ತದೆ ಅಂತ ಹೇಳುವವರಿದ್ದಾರೆ. ನಾನು ಎರಡು ಡಬ್ಬ ಅಳೆದೆ. ಕಣ್ಣು ನೋವು ಬಂತು. ಒಳ್ಳೆಯ ಲಾಟಿಗೆ ಇದರ ಅಗತ್ಯವಿಲ್ಲ, ಕೆಟ್ಟ ಲಾಟಿಗೆ ಇದರಿಂದ ಉಪಯೋಗವಿಲ್ಲ.

ಮಸಿ, ಮೇಣ, ಕೊಬ್ಬರಿ ಎಣ್ಣೆ

ಮೇಣ, ಸೀಸ, ಮದ್ದಿನ ಮಸಿ ಮೂರೂ ಸೇರಿ ಚೇಂಬರಿನ ಮುಂದಿನ ಅಂಚಿನಲ್ಲಿ ಒಂದು ಗಟ್ಟಿ ಉಂಗುರ ಕಟ್ಟುತ್ತದೆ. ತಳ ಹಿಡಿದ ಪಾಯಸದ ಪಾತ್ರೆ ನೋಡಿದ್ದೀರಲ್ಲ, ಹಾಗೆ. ಉಂಗುರ ಬೆಳೆದಂತೆ ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ. ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಸ್ವಲ್ಪ ಬಿಗಿ ಅನ್ನಿಸುತ್ತದೆ. ಹೆಚ್ಚಿನವರು ಆಗ ಬೋಲ್ಟನ್ನು ಜೋರಾಗಿ ಒತ್ತುತ್ತಾರೆ. ಆ ಬಿಗಿ ಶುರುವಾದ ದಿನವೇ ಚೇಂಬರ್ ತೊಳೆಯಬೇಕಿತ್ತು. ತೋಟಾ ಪೂರ್ತಿ ಕೂರದಿದ್ದರೆ ಪಿನ್ನಿನ ಪೆಟ್ಟಿನ ಅರ್ಧ ಶಕ್ತಿ ತೋಟಾವನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಸೊಳ್ಳೆ ಕಚ್ಚಿದ ಗುರುತಿನ ಒಂದು ಕಾರಣ ಇದೇ.

ತೊಳೆಯುವ ಕ್ರಮ ಹೀಗೆ. ಬೋಲ್ಟ್ ಹೊರಗೆ ತೆಗೆಯಿರಿ. ರಾಡ್ ಯಾವಾಗಲೂ ಹಿಂದಿನಿಂದ, ಚೇಂಬರಿನ ಕಡೆಯಿಂದ ಹೋಗಬೇಕು. ಮುಂದಿನ ಬಾಯಿಯಿಂದ ತುರುಕಿದರೆ ಬಾಯಿಯ ಅಂಚು ಸವೆಯುತ್ತದೆ, ಗುಂಡು ಕೊನೆಯದಾಗಿ ಬಿಡುವ ಜಾಗ ಅದು, ಅಲ್ಲಿ ಸವೆದರೆ ಗುರಿ ಹೋಯಿತು. ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡ್ ಬೇಡ, ಜೋಡಣೆಯ ಅಂಚುಗಳು ಗೀರುತ್ತವೆ. ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದೇ ತುಂಡಿನ ರಾಡ್ ತೆಗೆದುಕೊಳ್ಳಿ. ಮಸಿ ಕರಗಿಸುವ ಸಾಲ್ವೆಂಟ್ ಹಚ್ಚಿದ ಕಂಚಿನ ಬ್ರಷ್ ಅನ್ನು ಚೇಂಬರಿನೊಳಗೆ ಇಳಿಸಿ, ಉಂಗುರದ ಜಾಗದಲ್ಲಿ ಮೆಲ್ಲಗೆ ತಿರುಗಿಸಿ. ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಚಿಂದಿ. ಎನ್‌ಸಿಸಿಯವರಿಗೆ ಚಿಂದಿ ಅಂದರೆ ಹೇಳಬೇಕಾಗಿಲ್ಲ. ಹಳೆಯ ಬನಿಯನ್ ಬಟ್ಟೆ ಚೆನ್ನಾಗಿ ಆಗುತ್ತದೆ, ಟೆರಿಕಾಟ್ ಬೇಡ, ಅದು ಏನನ್ನೂ ಹೀರುವುದಿಲ್ಲ.

ನಳಿಗೆಯನ್ನು ಮಾತ್ರ ಅತಿಯಾಗಿ ಉಜ್ಜಬೇಡಿ. ಚೇಂಬರ್ ಪ್ರತಿ ಸಲ, ನಳಿಗೆ ಆಗೀಗ. ನಳಿಗೆಯ ಒಳಗೆ ತೆಳ್ಳಗೆ ಮೇಣ ಕೂತಿದ್ದರೇ ಗುಂಡು ಒಂದೇ ಕಡೆ ಹೋಗುವುದು. ಪೂರ್ತಿ ತೊಳೆದ ಮೇಲೆ ಮೊದಲ ಹತ್ತಿಪ್ಪತ್ತು ಗುಂಡು ದಿಕ್ಕು ಕೆಟ್ಟ ಹಾಗೆ ಹೋಗುತ್ತವೆ. ತೋಟಾ ಬ್ರ್ಯಾಂಡ್ ಬದಲಾಯಿಸಿದಾಗಲೂ ಇದೇ ಕಥೆ, ಮೇಣ ಬೇರೆ ಅಲ್ವಾ. ನಾಳೆ ಸ್ಪರ್ಧೆ ಅಂತ ಇವತ್ತು ರಾತ್ರಿ ಕನ್ನಡಿ ಥರ ಉಜ್ಜಿಕೊಂಡು ಬರುವವರನ್ನು ನೋಡಿದ್ದೇನೆ. ಸ್ಪರ್ಧೆಗೆ ಮೊದಲು ಸೈಟ್ ಹೊಂದಿಸಿಕೊಳ್ಳಲು ಕೊಡುವ ಸೈಟಿಂಗ್ ಟೈಮೆಲ್ಲ ಮೇಣ ಹಚ್ಚುವುದಕ್ಕೇ ಮುಗಿದು ಹೋಗುತ್ತದೆ.

ಎಣ್ಣೆ ವಿಷಯ. ಮಂಡ್ಯದ ಕಡೆ ಹಳೆಯ ಬಂದೂಕುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಅದು ಹೇಗೆ ಗಟ್ಟಿಯಾಗುತ್ತದೋ ಬೋಲ್ಟಿನೊಳಗೂ ಹಾಗೇ ಆಗುತ್ತದೆ, ಹಳೆಯದಾದರೆ ಗೋಂದು. ಫೈರಿಂಗ್ ಪಿನ್ ಆ ಗೋಂದಿನಲ್ಲಿ ಈಜಿಕೊಂಡು ಬಂದು ತಟ್ಟಬೇಕು. ಸೊಳ್ಳೆ ಗುರುತಿನ ಎರಡನೇ ಕಾರಣ. ಡಬ್ಲ್ಯುಡಿ-40 ಕೂಡ ಇದಕ್ಕಲ್ಲ, ಅದು ನೀರು ಓಡಿಸಲು ಮಾಡಿದ್ದು. ಹೊಲಿಗೆ ಯಂತ್ರದ ಎಣ್ಣೆ ಸಾಕು, ಅಂಗಡಿಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಬೋಲ್ಟಿನ ಹೊರಮೈಗೆ ಎರಡು ಹನಿ, ಪಿನ್ನಿಗೆ ಬಟ್ಟೆಯಲ್ಲಿ ಒರೆಸಿದಷ್ಟು. ಚೇಂಬರ್ ಮತ್ತು ನಳಿಗೆ ಹೊಡೆಯುವ ಮೊದಲು ಒಣಗಿರಬೇಕು.

ಎಕ್ಸ್‌ಟ್ರಾಕ್ಟರ್ ಅಂದರೆ ಖಾಲಿ ಚಿಪ್ಪಿನ ಅಂಚನ್ನು ಹಿಡಿದು ಎಳೆಯುವ ಸಣ್ಣ ಕೊಕ್ಕೆ. ಚಿಪ್ಪು ಒಳಗೇ ಉಳಿದುಬಿಡುತ್ತದೆ ಅನ್ನುವ ದೂರುಗಳಲ್ಲಿ ನಾನು ನೋಡಿದ ಮಟ್ಟಿಗೆ ಹೆಚ್ಚಿನವು ಈ ಕೊಕ್ಕೆಯ ಹಿಂದೆ ಕೂತ ಮಸಿಯಿಂದ. ಬಿದಿರಿನ ಹಲ್ಲುಕಡ್ಡಿಯಲ್ಲಿ ಕೆದಕಿ. ಸೂಜಿ ಬೇಡ, ಸ್ಕ್ರೂಡ್ರೈವರ್ ಬೇಡ, ಅರವಂತೂ ಬೇಡವೇ ಬೇಡ. ಕೊಕ್ಕೆಯ ತುದಿ ದುಂಡಗಾಗಿದೆ ಅಂತ ಭೂತಗನ್ನಡಿಯಲ್ಲಿ ಕಂಡರೆ ಹೊಸದು ತರಿಸಿ. ಚೂಪು ಮಾಡಲು ಹೋಗಿ ಗಿಡ್ಡ ಮಾಡಿದವರ ಪಟ್ಟಿಯಲ್ಲಿ ನನ್ನ ಒಬ್ಬ ಸಹೋದ್ಯೋಗಿಯೂ ಇದ್ದಾನೆ.

ಇದೇ ಜಾಗದಲ್ಲಿ ಹೇಳಬೇಕಾದ ಇನ್ನೊಂದು ವಿಷಯ, ಖಾಲಿ ರೈಫಲಿನ ಟ್ರಿಗರ್ ಎಳೆದು ಅಭ್ಯಾಸ ಮಾಡುವುದು. ತೋಟಾ ಇಲ್ಲದಿದ್ದರೆ .22 ಪಿನ್ ಕೆಲವು ರೈಫಲ್‌ಗಳಲ್ಲಿ ಹೋಗಿ ಬಡಿಯುವುದು ಚೇಂಬರಿನ ಅಂಚಿಗೆ. ನೂರಾರು ಸಲ ಬಡಿದರೆ ಅಲ್ಲೊಂದು ತಗ್ಗು, ತಗ್ಗಿನ ಪಕ್ಕ ಉಬ್ಬು, ಉಬ್ಬಿಗೆ ತಾಗಿ ತೋಟಾ ಒಳಗೆ ಹೋಗದು. ಪ್ಲಾಸ್ಟಿಕ್ಕಿನ ಸ್ನ್ಯಾಪ್ ಕ್ಯಾಪ್ (ನಕಲಿ ತೋಟಾ) ಹಾಕಿ, ಇಲ್ಲವೇ ಹೊಡೆದ ಖಾಲಿ ಚಿಪ್ಪನ್ನೇ ಪ್ರತಿ ಸಲ ತಿರುಗಿಸಿ ಹಾಕಿ.

ಮ್ಯಾಗಜಿನ್

ನನ್ನ ಪಾಪದ ಕಥೆ ಮೇಲೆ ಹೇಳಿದ್ದೇನೆ. ಎರಡು ಮ್ಯಾಗಜಿನ್ ಇದ್ದರೆ ಮಾರ್ಕರಿನಲ್ಲಿ 1, 2 ಅಂತ ಬರೆಯಿರಿ. ಸಿಕ್ಕಿಕೊಂಡಾಗೆಲ್ಲ ಯಾವುದು, ಎಷ್ಟನೇ ತೋಟಾ ಅಂತ ನೋಟ್ ಮಾಡಿ. ಮೂರು ಭಾನುವಾರದಲ್ಲಿ ಗೊತ್ತಾಗಿಬಿಡುತ್ತದೆ. ಯಾವಾಗಲೂ ಒಂದೇ ಮ್ಯಾಗಜಿನ್ ಆದರೆ ತಪ್ಪು ಮ್ಯಾಗಜಿನ್ನಿನದ್ದು. ಎರಡರಲ್ಲೂ ಆದರೆ ತೋಟಾ ಅಥವಾ ಚೇಂಬರ್. ಯಾವಾಗಲೂ ಕೊನೆಯ ತೋಟಾವೇ ಆದರೆ ಒಳಗಿನ ಸ್ಪ್ರಿಂಗ್ ಸೋತಿದೆ ಅಥವಾ ಅದರ ಮೇಲಿನ ತಟ್ಟೆಗೆ ಮೇಣ ಅಂಟಿದೆ. ಬಿಚ್ಚಿ, ಬಿಸಿ ನೀರು ಮತ್ತು ಪಾತ್ರೆ ಸೋಪಿನಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಎಣ್ಣೆ ಹಚ್ಚದೆ ಜೋಡಿಸಿ. ಮ್ಯಾಗಜಿನ್ನಿಗೆ ಎಣ್ಣೆ ಅಂದರೆ ಧೂಳಿಗೆ ಆಮಂತ್ರಣ.

ತೋಟಾ ತುಂಬುವಾಗ ಮೂಗು ಸ್ವಲ್ಪ ಮೇಲಕ್ಕೆ ನೋಡುವ ಹಾಗೆ, ತಳ ಹಿಂದಿನ ಗೋಡೆಗೆ ತಾಗುವ ಹಾಗೆ ಒಂದೊಂದೇ ಇಳಿಸಿ. ಅಂಚಿರುವ ತೋಟಾ ಇದು, ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಬೋಲ್ಟನ್ನು ನಾಜೂಕಾಗಿ ತಳ್ಳುವುದೂ ತಪ್ಪು. ಪೂರ್ತಿ ಹಿಂದೆ ಎಳೆದು, ಒಂದೇ ಸಮನೆ ಮುಂದೆ ತಳ್ಳಿ. ಅರ್ಧ ಎಳೆದು ತಳ್ಳುವವರಿಗೇ ಜಾಸ್ತಿ ಸಿಕ್ಕಿಕೊಳ್ಳುವುದು.

ಮರ, ಸ್ಕ್ರೂ, ಹತ್ತು ರೂಪಾಯಿ ನೋಟು

ಪಾಂಡವಪುರದ ಕಡೆಯ ನನ್ನ ಗೆಳೆಯನೊಬ್ಬ, ಕಬ್ಬಿನ ಗದ್ದೆ ಮಧ್ಯೆ ಮನೆ, ಪಕ್ಕದಲ್ಲೇ ನಾಲೆ. ಬೇಸಿಗೆಯಲ್ಲಿ ಅವನ ರೈಫಲ್ ಚೆನ್ನಾಗಿ ಹೊಡೆಯುತ್ತದೆ, ಆಗಸ್ಟ್ ಬಂದರೆ ಎಡಕ್ಕೆ ವಾಲುತ್ತದೆ. ಎರಡು ವರ್ಷ ಡಯಾಪ್ಟರ್, ಅಂದರೆ ಕಣ್ಣಿಟ್ಟು ನೋಡುವ ತೂತಿನ ಹಿಂದಿನ ಸೈಟ್, ತಿರುಗಿಸಿಕೊಂಡೇ ಇದ್ದ. ಮಳೆಗಾಲದಲ್ಲಿ ಮರದ ಸ್ಟಾಕ್ (ನಳಿಗೆ, ಬೋಲ್ಟ್ ಎಲ್ಲ ಕೂರುವ ಮರದ ಭಾಗ) ತೇವ ಹೀರಿ ಉಬ್ಬಿ ನಳಿಗೆಯ ಪಕ್ಕಕ್ಕೆ ಒತ್ತುತ್ತಿತ್ತು, ಅಷ್ಟೇ. ನಳಿಗೆ ಯಾವುದಕ್ಕೂ ತಾಗದೆ ನಿಲ್ಲುವ ಹಾಗೆ ಮಾಡಿದ ರೈಫಲ್ ಆದರೆ, ಹತ್ತು ರೂಪಾಯಿ ನೋಟನ್ನು ನಳಿಗೆ ಮತ್ತು ಮರದ ನಡುವೆ ತೂರಿಸಿ, ತುದಿಯಿಂದ ಚೇಂಬರಿನ ಹತ್ತಿರದವರೆಗೆ ಎಳೆದು ನೋಡಿ. ಎಲ್ಲಿ ನಿಂತಿತೋ ಅಲ್ಲಿ ತಾಗುತ್ತಿದೆ. ಮರಕ್ಕಾದರೆ ಉಜ್ಜುಕಾಗದ ಹಿಡಿಯಬಹುದು, ಇದು ಲೋಹ ಅಲ್ಲವಲ್ಲ. ಒಂದು ದುಂಡನೆಯ ಕೋಲಿಗೆ ಸುತ್ತಿ ಸ್ವಲ್ಪ ಸ್ವಲ್ಪವೇ ತೆಗೆದು, ಬೆತ್ತಲಾದ ಮರಕ್ಕೆ ಕಾಯಿಸಿದ ಅಗಸೆ ಎಣ್ಣೆ ಎರಡು ಮೂರು ಕೈ ಹಚ್ಚಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಆಕ್ಷನ್ ಸ್ಕ್ರೂಗಳು, ಅಂದರೆ ಲೋಹದ ಭಾಗವನ್ನು ಸ್ಟಾಕಿಗೆ ಹಿಡಿದಿಡುವ ಎರಡು ತಿರುಪುಗಳು, ಇವನ್ನು ಯಾರೂ ನೋಡುವುದೇ ಇಲ್ಲ. ಗುರಿ ಇದ್ದಕ್ಕಿದ್ದಂತೆ ಚೆದುರಿದರೆ ನಾನು ಮೊದಲು ಮುಟ್ಟುವುದು ಇವನ್ನೇ. ಕೈಪಿಡಿಯಲ್ಲಿ ಬಿಗಿಯ ಅಳತೆ ಕೊಟ್ಟಿದ್ದರೆ ಅದೇ ಸರಿ. ಬರೀ ಮರದ ಸ್ಟಾಕಿಗೆ ಸಾಮಾನ್ಯವಾಗಿ 2ರಿಂದ 4 ನ್ಯೂಟನ್ ಮೀಟರ್. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದವರು ಎರಡು ಬೆರಳಲ್ಲಿ ಹಿಡಿದು ಬಿಗಿ ಮಾಡಿ, ಮುಷ್ಟಿಯಲ್ಲಿ ಹಿಡಿದು ತಿರುಗಿಸಿದರೆ ಮರ ನುಗ್ಗಾಗುತ್ತದೆ. ರೈಫಲನ್ನು ಅದರ ಹಿಮ್ಮಡಿಯ (ಭುಜಕ್ಕೆ ತಾಗುವ ಹಿಂತುದಿಯ) ಮೇಲೆ ನೆಟ್ಟಗೆ ನಿಲ್ಲಿಸಿ, ಮುಂದಿನದು ಮೊದಲು, ಆಮೇಲೆ ಹಿಂದಿನದು. ಸ್ಕ್ರೂ ತಲೆಯ ಮೇಲೆ ಮತ್ತು ಪಕ್ಕದಲ್ಲಿ ನೇಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಜರುಗಿದರೆ ಸಡಿಲವಾಗಿದೆ ಅಂತ ಕಣ್ಣಿಗೇ ಕಾಣುತ್ತದೆ. ನನ್ನ ರೈಫಲಿನ ಗೆರೆ ಗುಲಾಬಿ ಬಣ್ಣದ್ದು, ಮಗಳ ಬಾಟಲಿ.

ಡಯಲ್ ಗೇಜ್ ಸಿಗುವವರಿಗೆ ಇನ್ನೊಂದು ಪರೀಕ್ಷೆ. ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ನಳಿಗೆಗೆ ಅಂಟಿಸಿ, ಗೇಜಿನ ಮುಳ್ಳನ್ನು ಸ್ಟಾಕಿನ ತುದಿಗೆ ತಾಗಿಸಿ, ಮುಂದಿನ ಸ್ಕ್ರೂ ನಿಧಾನ ಸಡಿಲ ಮಾಡಿ, ಬಿಗಿ ಮಾಡಿ. ಮುಳ್ಳು 0.05 ಮಿಲಿಮೀಟರಿಗಿಂತ ಜಾಸ್ತಿ ಓಡಿದರೆ ಲೋಹ ಮರದ ಮೇಲೆ ಸಮನಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸಿ ಹಿಡಿದಿದೆ. ಕಿಟ್‌ನ ಅಡಾಪ್ಟರ್ ಕೂದಲೆಳೆ ಆಚೆ ನಿಂತದ್ದು ಹೇಳಿದೆನಲ್ಲ, ಇದು ಅದರದ್ದೇ ಅಣ್ಣತಮ್ಮ. ಬೆಡ್ಡಿಂಗ್ ಮಾಡಿಸಬೇಕು, ಅಂದರೆ ಲೋಹ ಸಮನಾಗಿ ಕೂರುವ ಹಾಗೆ ಮರದಲ್ಲಿ ಎಪಾಕ್ಸಿ ಅಂಟಿನ ಹಾಸು ಹಾಕಿಸಬೇಕು. ಎಪಾಕ್ಸಿ ಹಾಕುವ ಕೆಲಸ ಸುಲಭ ಅನ್ನಿಸುತ್ತದೆ, ಆದರೆ ಲೋಹಕ್ಕೆ ಅಂಟದಂತೆ ಹಚ್ಚುವ ರಿಲೀಸ್ ಮೇಣ ಒಂದು ಕಡೆ ತಪ್ಪಿದರೆ ರೈಫಲ್ ಸ್ಟಾಕಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಗೊತ್ತಿರುವವರ ಕೈಯಲ್ಲಿ ಮಾಡಿಸಿ.

ಟ್ರಿಗರ್? ಕೈಪಿಡಿಯಲ್ಲಿ ತೋರಿಸಿದ ಸ್ಕ್ರೂ ಬಿಟ್ಟು ಬೇರೇನೂ ಮುಟ್ಟಬೇಡಿ.

ರೈಫಲ್ ನಿಮಗೆ ಕೂರುತ್ತದಾ

ಇದಕ್ಕೆ ಖರ್ಚು ಕಮ್ಮಿ, ಲಾಭ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಲಕ್ಷದ ರೈಫಲಿಗೆ ಇನ್ನಷ್ಟು ಸಾಮಾನು ಸೇರಿಸುವವರು ಹಿಮ್ಮಡಿಯ ಉದ್ದ ಸರಿ ಇದೆಯಾ ಅಂತ ನೋಡಿರುವುದಿಲ್ಲ. ರೈಫಲ್ ಭುಜಕ್ಕೆ ಇಟ್ಟು ಕಣ್ಣು ಮುಚ್ಚಿ. ಎರಡು ಸಲ ಉಸಿರಾಡಿ, ಕಣ್ಣು ಬಿಡಿ. ಡಯಾಪ್ಟರಿನ ತೂತಿನ ಮಧ್ಯದಲ್ಲೇ ಮುಂದಿನ ಉಂಗುರ ಕಾಣಬೇಕು, ಕುತ್ತಿಗೆ ಚಾಚದೆ, ಕೆನ್ನೆ ಒತ್ತದೆ. ತಲೆ ಎತ್ತಬೇಕಾದರೆ ಕೆನ್ನೆಯ ತುಂಡು ತಗ್ಗಿದೆ, ಹಳೆಯ ಯೋಗ ಮ್ಯಾಟ್ ಕತ್ತರಿಸಿ ಅಂಟಿಸಿ ಎತ್ತರ ಪರೀಕ್ಷಿಸಿ, ಸರಿ ಅನ್ನಿಸಿದ ಮೇಲೆ ಮರದ್ದು ಮಾಡಿಸಿ. ಕಣ್ಣಿಗೂ ತೂತಿಗೂ ನಡುವೆ ಐದಾರು ಸೆಂಟಿಮೀಟರ್ ಜಾಗ ಇರಲಿ. ನಮ್ಮ ಕಾಲೇಜು ಹುಡುಗಿಯರಿಗೆ ಕ್ಲಬ್ಬಿನ ರೈಫಲ್ ಹೆಚ್ಚಾಗಿ ಉದ್ದವೇ ಆಗುತ್ತದೆ, ಅವರು ಹಿಂದಕ್ಕೆ ಬಾಗಿ ನಿಂತು ಸೊಂಟ ನೋವು ಮಾಡಿಕೊಳ್ಳುತ್ತಾರೆ. ಹಿಮ್ಮಡಿಯಿಂದ ಎರಡು ಸ್ಪೇಸರ್ ತೆಗೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಕಿಟ್ ಬೇಕು ಅನ್ನುವವರ ನಿಜವಾದ ಆಸೆ ಕಮ್ಮಿ ಖರ್ಚಿನ ಅಭ್ಯಾಸ ತಾನೇ? ಅದಕ್ಕೆ ನಮ್ಮಲ್ಲಿ ಏರ್ ರೈಫಲ್ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು ಬೋರಿನ, 20 ಜೂಲ್ ಶಕ್ತಿಯ ಒಳಗಿನದ್ದಕ್ಕೆ ಲೈಸೆನ್ಸ್ ಬೇಡ. ಹಿಮ್ಮಡಿ, ಕೆನ್ನೆ, ಸೈಟಿನ ಎತ್ತರ .22ರಷ್ಟೇ ಇರುವ ಹಾಗೆ ಹೊಂದಿಸಿ, ಮನೆಯ ಹಿಂದೆ ಗಟ್ಟಿ ತಡೆ ಇಟ್ಟು ಹತ್ತು ಮೀಟರಿಗೆ ಹೊಡೆಯಿರಿ.

ತುಕ್ಕು, ಠಾಣೆ, ಮೆಕ್ಯಾನಿಕ್

ಚುನಾವಣೆ ಬಂತೆಂದರೆ ಲೈಸೆನ್ಸ್ ಬಂದೂಕುಗಳು ಠಾಣೆಗೆ ಹೋಗುತ್ತವೆ. ಒಮ್ಮೆ ನನ್ನದು ಎರಡು ತಿಂಗಳು ಕಳೆದು ಬಂದಾಗ ಬೋಲ್ಟಿನ ಹಿಡಿಯ ಹತ್ತಿರ ಕೆಂಪಗೆ ಪುಡಿ. ಈಗ ಒಪ್ಪಿಸುವ ಹಿಂದಿನ ದಿನ ನಳಿಗೆಯ ಒಳಗೂ ಹೊರಗೂ ತೆಳ್ಳಗೆ ಎಣ್ಣೆ ಹಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತೇನೆ, ರಸೀದಿಯಲ್ಲಿ ನಂಬರ್ ಸರಿ ಇದೆಯಾ ನೋಡುತ್ತೇನೆ. ಫೋಮ್ ಇರುವ ಬ್ಯಾಗಿನಲ್ಲಿ ಇಡಬೇಡಿ, ಫೋಮ್ ತೇವ ಹಿಡಿಯುತ್ತದೆ. ಮನೆಯಲ್ಲೂ ಅಷ್ಟೇ. ಬೀಗ ಹಾಕುವ ಕಬ್ಬಿಣದ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತಿಂಗಳಿಗೊಮ್ಮೆ ಒಣಗಿಸಿ. ವಾಪಸ್ ಬಂದ ಮೇಲೆ ಹೊಡೆಯುವ ಮೊದಲು ಎರಡು ಒಣ ಚಿಂದಿ ನಳಿಗೆಯಲ್ಲಿ ಓಡಿಸಿ, ಎಣ್ಣೆ ತುಂಬಿದ ನಳಿಗೆಯಲ್ಲಿ ಹೊಡೆಯಬೇಡಿ.

ರೇಂಜಿನಿಂದ ಬಂದು ಕೈ ತೊಳೆಯದೆ ಚಿತ್ರಾನ್ನದ ಡಬ್ಬಿಗೆ ಕೈ ಹಾಕಬೇಡಿ. ಸೀಸ ಅದು. ಸೋಪು ಹಾಕಿ ತಣ್ಣೀರಲ್ಲಿ ತೊಳೆಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಸಿಕ್ಕಿಕೊಳ್ಳುತ್ತಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಹೋಗಿ. ಬರಿಗೈಯಲ್ಲಿ ಹೋಗಿ "ಸರಿ ಇಲ್ಲ ಸಾರ್" ಅನ್ನಬೇಡಿ. ಹಾರದ ತೋಟಾಗಳ ತಳದ ಫೋಟೋ, ಸಿಕ್ಕಿಕೊಂಡ ಚಿಪ್ಪುಗಳು ನಾಲ್ಕೈದು, ಯಾವ ಮ್ಯಾಗಜಿನ್, ಎಷ್ಟನೇ ತೋಟಾ, ಯಾವ ಲಾಟ್ ಅಂತ ಬರೆದ ಚೀಟಿ, ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ. ನಾನು ಹೋಗುವವರ ಅಂಗಡಿಯ ಅಜ್ಜ ಆ ಕವರ್ ಬಿಡಿಸಿ, ಚಿಪ್ಪುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಕನ್ನಡಕ ಹಣೆಗೆ ಏರಿಸಿ ನೋಡುತ್ತಾರೆ. ರೈಫಲ್ ಮುಟ್ಟುವ ಮೊದಲೇ ಅರ್ಧ ರೋಗ ಹೇಳಿಬಿಡುತ್ತಾರೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: "ಎಲ್ಲೂ ಅರ ಹಾಕಿಲ್ಲ ತಾನೇ?"